ಫೋನ್ ಸರಿಯಾಗದೆ ದೂರು ಮುಗಿಸಬೇಡಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ನಮ್ಮ ಮನೆಯ ಸ್ಥಿರ ದೂರವಾಣಿಯು ಈ ಮಳೆಗಾಲದಲ್ಲಿ 26 ದಿನ ಕೆಟ್ಟು ಕುಳಿತಿತ್ತು. ಆ ಅವಧಿಯಲ್ಲಿ ನಾನು ನಾಲ್ಕು ಬಾರಿ ದೂರು ಕೊಟ್ಟೆ. ಮೊದಲ ಮೂರು ಬಾರಿಯೂ, ಯಾರೊಬ್ಬರೂ ನಮ್ಮ ಅಂಗಳಕ್ಕೆ ಕಾಲಿಡದೆಯೇ, ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಮಳೆಗೆ ಲೈನ್ ಕೆಡುವುದನ್ನು ಸಹಿಸಬಹುದು. ಕೆಟ್ಟಿರುವುದನ್ನು ಸರಿಯಾಗಿದೆ ಎಂದು ದಾಖಲೆಯಲ್ಲಿ ಬರೆದುಬಿಡುವುದನ್ನು ಸಹಿಸಲಾಗದು.

ಮೊಬೈಲ್ ಇರುವಾಗ ಲ್ಯಾಂಡ್‌ಲೈನ್ ಏಕೆ ಎಂದು ಕೆಲವರು ಕೇಳಿಯಾರು. ಗುಡ್ಡದ ಬುಡದಲ್ಲಿ, ಅಡಿಕೆ ತೋಟದ ಮಗ್ಗುಲಲ್ಲಿರುವ ನಮ್ಮ ಮನೆಯೊಳಗೆ ರೇಂಜ್ ಸಿಗುವುದಿಲ್ಲ. ಅರ್ಧ ಗುಡ್ಡ ಹತ್ತಿದರೆ ಸಿಗುವುದು ಕರ್ನಾಟಕದ ಟವರ್. ಅದರ ಬಗ್ಗೆ ದೂರಿದರೆ ‘ಟವರ್ ನಮ್ಮ ಸರ್ಕಲಿನದ್ದಲ್ಲ’ (ಸರ್ಕಲ್ ಎಂದರೆ ದೂರವಾಣಿ ಸೇವೆಯ ವಲಯ) ಎಂದು ಇಲ್ಲಿಯವರೂ, ‘ನಿಮ್ಮ ನಂಬರ್ ಕೇರಳದ್ದು’ ಎಂದು ಅಲ್ಲಿಯವರೂ ಕೈಬಿಡುತ್ತಾರೆ. 82 ವರ್ಷದ ನನ್ನ ತಾಯಿಗೆ ಪುತ್ತೂರಿನಲ್ಲಿರುವ ಮಗಳೊಡನೆ ಮಾತನಾಡಲು, ಮಂಗಳೂರಿನ ವೈದ್ಯರನ್ನು ವಿಚಾರಿಸಲು ಇರುವುದು ಇದೊಂದೇ ಫೋನ್. ಕರೆಂಟು ಹೋದರೂ ಎಕ್ಸ್‌ಚೇಂಜಿನ ವಿದ್ಯುತ್ತಿನಿಂದ ಅದು ನಡೆಯುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಮ್ಮನ್ನು ಆಚೆಯ ಬಂಧುಗಳಿಗೆ ಜೋಡಿಸಿದ್ದೂ ಇದೇ ತಂತಿ.

ತೊಂದರೆಯ ಮೂಲ ನಮ್ಮ ಕಣ್ಣೆದುರೇ ಇದೆ. ಕಂಬದಿಂದ ಮನೆಗೆ ಬರುವ ತಂತಿಗೆ ಬೇಲಿಯ ಬಳಿ ಒಂದು ಜಾಯಿಂಟ್ ಇದ್ದು, ಅದಕ್ಕೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ ಬಿಟ್ಟಿದ್ದಾರೆ. ಮಳೆನೀರು ಇಳಿದು ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಆಗ ರಿಸೀವರ್ ಎತ್ತಿದರೆ ಕಾದ ಎಣ್ಣೆಯಲ್ಲಿ ಹಪ್ಪಳ ಕರಿದಂತಹ ಸದ್ದು. ಅದರ ನಡುವೆ ತಾಯಿ ‘ಹಲೋ, ಹಲೋ’ ಎಂದು ಕೂಗುತ್ತಲೇ ಇರುತ್ತಾರೆ. ಎರಡು ದಿನ ಕಳೆದರೆ ಡಯಲ್ ಟೋನ್ ಕೂಡ ಇಲ್ಲ. ನಾಲ್ಕನೆಯ ದೂರಿನ ಬಳಿಕ ಬಂದ ಲೈನ್‌ಮ್ಯಾನ್ ಅರ್ಧ ಗಂಟೆಯಲ್ಲಿ ಅದನ್ನು ಸರಿಪಡಿಸಿದರು. ಅಷ್ಟೊಂದು ಊರುಗಳನ್ನು ಒಬ್ಬರೇ ಸುತ್ತಬೇಕಾದ ಆ ಬಡಪಾಯಿಯ ಮೇಲೆ ನನಗೆ ಯಾವ ದೂರೂ ಇಲ್ಲ.

ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿದರೆ ಮಲಯಾಳಂ, ಹಿಂದಿ, ಇಂಗ್ಲಿಷ್ ಎಂಬ ಮೂರೇ ಆಯ್ಕೆಗಳು. ಕನ್ನಡ ಮಾತ್ರ ಬಲ್ಲ ನನ್ನ ತಾಯಿ ತನ್ನ ಮನೆಯ ಫೋನ್ ಕೆಟ್ಟಿದೆ ಎಂದು ಹೇಳಲೂ ಇನ್ನೊಬ್ಬರನ್ನು ಆಶ್ರಯಿಸಬೇಕು. ರಾಜ್ಯ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ಕೊಟ್ಟಿದೆ. ಆ ಕಾಯ್ದೆ ದೂರವಾಣಿ ಕಂಪನಿಗಳಿಗೆ ಅನ್ವಯಿಸದಿರಬಹುದು, ಆದರೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಚಂದಾದಾರರಿಂದ ಹಣ ಪಡೆಯುವವರು ಅವರ ಮಾತನ್ನು ಅವರ ಭಾಷೆಯಲ್ಲಿ ಕೇಳಿಸಿಕೊಳ್ಳುವುದು ನ್ಯಾಯವಲ್ಲವೇ?

ದೂರು ಸಂಖ್ಯೆ ಕೊಡಬೇಕು, ಪರಿಹಾರ ತೃಪ್ತಿಕರವಾಗದಿದ್ದರೆ ಗ್ರಾಹಕನು ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು, ಅದನ್ನು 39 ದಿನಗಳೊಳಗೆ ಇತ್ಯರ್ಥಪಡಿಸಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಾವಳಿ ಹೇಳುತ್ತದೆ. ಸ್ಥಿರ ದೂರವಾಣಿಯ ದೋಷ ಮೂರು ದಿನ ಮೀರಿದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೆಂಬ ನಿಯಮವೂ ಇದೆ. ಆದರೆ ದೂರು ಕೊಟ್ಟ ಮರುದಿನವೇ ‘ಪರಿಹರಿಸಲಾಗಿದೆ’ ಎಂದು ಬರೆದರೆ ಆ ಮೂರು ದಿನ ಕಾಗದದ ಮೇಲೆ ಎಂದಿಗೂ ಆಗುವುದೇ ಇಲ್ಲ. ನಮ್ಮ ಬಿಲ್ಲಿನಲ್ಲಿ ಪೂರ್ತಿ ತಿಂಗಳ ಬಾಡಿಗೆ ಬಂದಿರುವುದು ಹೀಗೆಯೇ.

ಆದುದರಿಂದ, ಫೋನ್ ಸರಿಯಾಗಿದೆ ಎಂದು ಚಂದಾದಾರನು ಹೇಳುವ ತನಕ ದೂರನ್ನು ಮುಗಿಸದಂತೆ ಪ್ರಾಧಿಕಾರವು ಕಟ್ಟುನಿಟ್ಟು ಮಾಡಬೇಕು. ನಮ್ಮೆರಡು ತಾಲೂಕುಗಳ ಚಂದಾದಾರರಿಗೆ ಗ್ರಾಹಕ ಸೇವೆಯಲ್ಲಿ ಕನ್ನಡದ ಆಯ್ಕೆ ಕೊಡಿಸಲು ನಮ್ಮ ಸಂಸದರೂ ಶಾಸಕರೂ ಒತ್ತಾಯಿಸಬೇಕು. ಬೇಲಿಯ ಬಳಿಯ ಜಾಯಿಂಟಿಗೆ ಈ ಸಲವೂ ತೊಟ್ಟೆಯನ್ನೇ ಸುತ್ತಲಾಗಿದೆ. ತುಲಾ ಮಾಸದ ಗುಡುಗು ಮಳೆ ಬರುವ ಮೊದಲು ಅಲ್ಲಿ ನೀರು ಇಳಿಯದಂತಹ ಪೆಟ್ಟಿಗೆಯೊಂದನ್ನು ಹಾಕಿಕೊಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓರ್ವ ಚಂದಾದಾರ, ಪೆರ್ಲ