ರುಬಿಡಿಯಂ ಕ್ಲಾಕ್‌ನಿಂದ ಸಂಗೀತ ಸುಧಾರಿಸದು

ಮಾನ್ಯ ಸಂಪಾದಕರೇ,

ಡಿಜಿಟಲ್ ಸಂಗೀತ ಸಾಧನಗಳ ಕುರಿತು ತಮ್ಮ ಪುರವಣಿಯಲ್ಲಿ ಬಂದ ಲೇಖನವು, ಮನೆಯಲ್ಲಿ ಬಳಸುವ ಡ್ಯಾಕ್‌ಗೆ (ಅಂಕಿಗಳನ್ನು ಧ್ವನಿಯ ವಿದ್ಯುತ್ ಸಂಕೇತವಾಗಿಸುವ ಪರಿವರ್ತಕ) ಹೊರಗಿನಿಂದ ರುಬಿಡಿಯಂ ಕ್ಲಾಕ್ (ರುಬಿಡಿಯಂ ಪರಮಾಣುವಿನ ಆಧಾರದಿಂದ ಕಾಲ ಹಿಡಿಯುವ ಸಾಧನ) ಜೋಡಿಸಿದರೆ ಧ್ವನಿ ಸ್ವಚ್ಛವಾಗುತ್ತದೆ ಎಂದು ಹೇಳಿತ್ತು. ಲಕ್ಷಾಂತರ ರೂಪಾಯಿ ಬೆಲೆಬಾಳಬಲ್ಲ ಇಂತಹ ಸಾಧನವನ್ನು ಕೊಳ್ಳಲು ಯೋಚಿಸುತ್ತಿರುವ ಓದುಗರ ಹಿತದೃಷ್ಟಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಲೇಖನವು, ಡ್ಯಾಕ್‌ಗೆ ತಾಳ ಹಾಕುವ ಕ್ಲಾಕ್‌ನ ಎರಡು ಬೇರೆ ಬೇರೆ ದೋಷಗಳನ್ನು ಒಂದೆಂದು ಭಾವಿಸಿದೆ. ತಾಳ ಹಾಕುವವನು ಕಚೇರಿಯುದ್ದಕ್ಕೂ ಒಂದೇ ಸಮನಾಗಿ ತುಸು ನಿಧಾನವಾಗಿರುವುದು ಬೇರೆ, ಅವನ ಒಂದೊಂದು ಪೆಟ್ಟೂ ಹಿಂದುಮುಂದಾಗುವುದು ಬೇರೆ. ಮೊದಲನೆಯ ದೋಷವನ್ನು ಲೆಕ್ಕ ಹಾಕಿ ನೋಡೋಣ. ಹತ್ತು ಲಕ್ಷಕ್ಕೆ 50ರಷ್ಟು ತಪ್ಪುವ ಸಾಧಾರಣ ಕ್ವಾರ್ಟ್ಜ್ ಹರಳಿನಿಂದ 1000 ಹರ್ಟ್ಜ್‌ನ ಸ್ವರ 0.05 ಹರ್ಟ್ಜ್‌ನಷ್ಟು ಸರಿಯುತ್ತದೆ, ಒಂದು ಗಂಟೆಯ ಕಚೇರಿ 0.18 ಸೆಕೆಂಡ್ ಬೇಗ ಅಥವಾ ತಡವಾಗಿ ಮುಗಿಯುತ್ತದೆ. ಎಷ್ಟೇ ಸೂಕ್ಷ್ಮವಾಗಿ ಶ್ರುತಿ ಹಿಡಿಯುವ ಕಿವಿಗೂ ಇದು ತಿಳಿಯದು. ರುಬಿಡಿಯಂ ಪರಮಾಣು ಸರಿಪಡಿಸುವುದು ಮುಖ್ಯವಾಗಿ ಈ ದೋಷವನ್ನೇ.

ಧ್ವನಿಗೆ ಸಂಬಂಧಪಟ್ಟದ್ದು ಎರಡನೆಯದು, ಅಂದರೆ ಜಿಟರ್. ಸ್ಯಾಂಪಲ್ (ಅಲೆಯ ಒಂದು ಕ್ಷಣದ ಮಟ್ಟವನ್ನು ಹೇಳುವ ಅಂಕಿ) ಹೊರಬರುವ ಕ್ಷಣ ಸ್ವಲ್ಪ ಜರುಗಿದರೂ, ಅಲೆಯ ಏರಿಳಿತ ಚುರುಕಾಗಿರುವೆಡೆ ಅದು ಮಟ್ಟದ ತಪ್ಪಾಗಿ ಪರಿಣಮಿಸುತ್ತದೆ. ಮಟ್ಟವನ್ನು ಮೆಟ್ಟಿಲುಗಳಾಗಿ ಅಳೆಯುವ ಸಿ.ಡಿ.ಯ 16 ಬಿಟ್‌ನಲ್ಲಿ, 20 ಕಿಲೋಹರ್ಟ್ಜ್‌ನ ಪೂರ್ಣ ಮಟ್ಟದ ಅಲೆಯಲ್ಲಿ ಈ ತಪ್ಪು ಅರ್ಧ ಮೆಟ್ಟಿಲನ್ನು ಮೀರಬಾರದೆಂದರೆ ಜರುಗುವಿಕೆ ಸುಮಾರು 121 ಪಿಕೋಸೆಕೆಂಡ್‌ನೊಳಗೆ ಇರಬೇಕು. ಇದು ಗಣಿತದ ಮಿತಿ. ಕಿವಿ ಇಷ್ಟು ಕಟ್ಟುನಿಟ್ಟಲ್ಲ. ಬೆಂಜಮಿನ್ ಮತ್ತು ಗ್ಯಾನನ್ 1998ರಲ್ಲಿ ಪ್ರಕಟಿಸಿದ ಆಲಿಸುವಿಕೆಯ ಪರೀಕ್ಷೆಗಳಲ್ಲಿ, ಸಂಗೀತದೊಳಗಿನ ಜಿಟರ್ ಸುಮಾರು 20 ನ್ಯಾನೋಸೆಕೆಂಡ್‌ಗಿಂತ (ಅಂದರೆ 20,000 ಪಿಕೋಸೆಕೆಂಡ್‌ಗಿಂತ) ಕಡಿಮೆಯಿದ್ದಾಗ ಕೇಳುಗರಿಗೆ ಗೊತ್ತಾಗಲಿಲ್ಲ.

ರುಬಿಡಿಯಂ ಸಾಧನದಿಂದ ಹೊರಬರುವ ಸಂಕೇತವೂ ಅದರೊಳಗಿನ ಕ್ವಾರ್ಟ್ಜ್ ಹರಳಿನದೇ. ಪರಮಾಣು ಅದನ್ನು ದೀರ್ಘಾವಧಿಯಲ್ಲಿ ದಾರಿತಪ್ಪದಂತೆ ಹಿಡಿದಿಡುತ್ತದೆ, ಅಷ್ಟೇ. ಆ ಸಂಕೇತ ಸಾಮಾನ್ಯವಾಗಿ 10 ಮೆಗಾಹರ್ಟ್ಜ್‌ನದು. ಡ್ಯಾಕ್‌ಗೆ ಸಾಮಾನ್ಯವಾಗಿ ಬೇಕಾದದ್ದು ಸಿ.ಡಿ.ಯ 44.1 ಕಿಲೋಹರ್ಟ್ಜ್ ಸ್ಯಾಂಪಲ್ ದರ ಮತ್ತು ಅದರ ಗುಣಕಗಳ ಕುಟುಂಬಕ್ಕೆ 22.5792 ಮೆಗಾಹರ್ಟ್ಜ್, 48ರ ಕುಟುಂಬಕ್ಕೆ 24.576 ಮೆಗಾಹರ್ಟ್ಜ್. ಸರಳ ಗುಣಾಕಾರದಿಂದ ಸಿಗದ ಈ ಆವರ್ತನಗಳನ್ನು ಕೇಬಲ್ ದಾಟಿ ಬಂದ ಸಂಕೇತದಿಂದ ಪಿಎಲ್‌ಎಲ್ ಎಂಬ, ಒಂದು ಸಂಕೇತಕ್ಕೆ ಹೊಂದಿಕೊಂಡು ಬೇರೆ ಆವರ್ತನ ಹುಟ್ಟಿಸುವ ಇನ್ನೊಂದು ಮಂಡಲ ಸೃಷ್ಟಿಸಬೇಕಾಗುವುದರಿಂದ, ಒಳ್ಳೆಯ ಡ್ಯಾಕ್‌ನಲ್ಲಿ ಜಿಟರ್ ಇಳಿಯುವುದರ ಬದಲು ಏರಲೂಬಹುದು.

ಉತ್ತಮ ವಿನ್ಯಾಸಕಾರರು ಈ ಎರಡು ಆವರ್ತನಗಳಿಗೆ ಎರಡು ಹರಳುಗಳನ್ನು ಪರಿವರ್ತಕ ಚಿಪ್‌ನ ಪಕ್ಕದಲ್ಲೇ ಇರಿಸಿ, ಅಸಿಂಕ್ರೊನಸ್ ಯುಎಸ್‌ಬಿ ಮೂಲಕ ಕಂಪ್ಯೂಟರ್ ಆ ಹರಳಿನ ವೇಗಕ್ಕೆ ತಕ್ಕಂತೆ ದತ್ತಾಂಶ ಕಳುಹಿಸುವಂತೆ ಮಾಡುತ್ತಾರೆ. ಇದು ದುಬಾರಿಯ ಕೆಲಸವಲ್ಲ. ಹೊರಗಿನ ಕ್ಲಾಕ್‌ಗೆ ನಿಜವಾದ ಸ್ಥಾನವಿರುವುದು ಹಲವು ಪರಿವರ್ತಕಗಳು ಒಟ್ಟಿಗೆ ಹೆಜ್ಜೆ ಹಾಕಬೇಕಾದ ಸ್ಟುಡಿಯೋದಲ್ಲಿ. ಅಲ್ಲಿಯೂ ಧ್ವನಿಮುದ್ರಣ ಮಾಡುವ ಪರಿವರ್ತಕದ ಜಿಟರ್ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯ, ಏಕೆಂದರೆ ಆಗ ಸೇರಿದ ತಪ್ಪು ಅಂಕಿಗಳಲ್ಲೇ ಉಳಿದುಬಿಡುತ್ತದೆ. ಮುಂದೆ ಎಂತಹ ಡ್ಯಾಕ್ ತಂದರೂ ಅದು ಹೋಗದು.

ಇಂತಹ ಸಾಧನಗಳ ಬಗ್ಗೆ ಮುಂದೆ ಬರೆಸುವಾಗ, ಜೂಲಿಯನ್ ಡನ್ ರೂಪಿಸಿದ ಜೆ-ಟೆಸ್ಟ್ ಎಂಬ ಜಿಟರ್ ಪರೀಕ್ಷಾ ಸಂಕೇತದಿಂದ ಡ್ಯಾಕ್‌ನ ಅನಲಾಗ್ ಹೊರದಾರಿಯಲ್ಲಿ ಅಳೆದ ಫಲಿತಾಂಶವನ್ನು, ಹೊರಗಿನ ಕ್ಲಾಕ್ ಜೋಡಿಸುವ ಮೊದಲು ಮತ್ತು ಜೋಡಿಸಿದ ನಂತರ ಎಂದು ಎರಡನ್ನೂ ತಯಾರಕರಿಂದ ಕೇಳಿ ಪಡೆದು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಮೈಸೂರು