ಕೇಳಿದ್ದು ಡ್ಯುಯಲ್ ಬ್ಯಾಂಡ್, ಬಂದದ್ದು ಸಿಂಗಲ್: ಜಿಪಿಎಸ್ ವಾಚಿನ ಹಣ ವಾಪಸಿಗಾಗಿ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಕ್ರೀಡಾ ವಾಚು ಮಾರಾಟ ವಿಭಾಗ, ಬೆಂಗಳೂರು

ಇವರಿಂದ,
ದೈಹಿಕ ಶಿಕ್ಷಣ ಶಿಕ್ಷಕ,
ನಾಪೋಕ್ಲು, ಕೊಡಗು ಜಿಲ್ಲೆ

ವಿಷಯ: ಜಾಹೀರಾತಿನಲ್ಲೂ ಚಾಟ್‌ನಲ್ಲೂ ಹೇಳಿದ ಸೌಲಭ್ಯಗಳಿಲ್ಲದ ಜಿಪಿಎಸ್ ಓಟದ ವಾಚನ್ನು ವಾಪಸು ಪಡೆದು ಪೂರ್ತಿ ಹಣ ಮರಳಿಸುವ ಬಗ್ಗೆ.

ಮಾನ್ಯರೆ,

ನಿಮ್ಮ ಜಾಲತಾಣದಲ್ಲಿ 24,999 ರೂಪಾಯಿ ಕೊಟ್ಟು ಕೊಂಡ ಓಟದ ವಾಚನ್ನು ನಿಮ್ಮ ಮೈಸೂರಿನ ಸರ್ವಿಸ್ ಸೆಂಟರಿನವರು ತಪಾಸಣೆ ಮಾಡಿ, 'ಯಾವುದೇ ದೋಷ ಕಂಡುಬಂದಿಲ್ಲ' ಎಂದು ಚೀಟಿ ಅಂಟಿಸಿ ಕಳಿಸಿದ್ದಾರೆ. ಆ ಚೀಟಿಯ ಬಗ್ಗೆ ನನ್ನ ತಕರಾರಿಲ್ಲ. ವಾಚು ಕೆಟ್ಟಿದೆ ಎಂದು ನಾನು ಎಲ್ಲೂ ಬರೆದಿಲ್ಲ. ನೀವು ಕೊಡುತ್ತೇವೆಂದ ವಾಚು ಇದಲ್ಲ ಎಂಬುದೇ ನನ್ನ ದೂರು. ಮೂರು ಸಲ ಮೇಲ್ ಮಾಡಿದರೂ ಇದೊಂದು ಮಾತು ನಿಮ್ಮವರ ತಲೆಗೆ ಹೋಗದ ಕಾರಣ ಈಗ ವಿವರವಾಗಿ ಬರೆಯುತ್ತಿದ್ದೇನೆ.

ಶಾಲೆಯ ಕೆಲಸದ ಜೊತೆಗೆ ನಮ್ಮ ಸುತ್ತಿನ ಊರುಗಳ ಯುವಕರಿಗೆ ಸೇನಾ ಭರ್ತಿಯ ಓಟಕ್ಕೆ ತರಬೇತಿ ಕೊಡುತ್ತೇನೆ. ಕೊಡಗಿನಲ್ಲಿ ಅದೇನು ದೊಡ್ಡ ಸಂಗತಿಯಲ್ಲ, ಮನೆಗೊಬ್ಬರಾದರೂ ಸೇನೆಯಲ್ಲಿದ್ದ ಊರುಗಳಿವು. ಬೇಸಿಗೆಯಲ್ಲಿ ಕೌಟುಂಬಿಕ ಹಾಕಿಗೆ ತಯಾರಾಗುವ ಹುಡುಗರೂ ಬಂದು ಸೇರಿಕೊಳ್ಳುತ್ತಾರೆ. ನಾವು ಓಡುವುದು ಕಾಫಿ ತೋಟಗಳ ನಡುವಿನ ರಸ್ತೆಯಲ್ಲಿ. ಮೇಲೆ ಸಿಲ್ವರ್, ಬಳಂಜಿ, ಹಲಸಿನ ನೆರಳು, ಒಂದು ಬದಿ ಕಡಿದಾದ ಬರೆ, ಇನ್ನೊಂದು ಬದಿ ಇಳಿಜಾರು, ನೂರು ಹೆಜ್ಜೆಗೊಂದು ತಿರುವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೆಲ್ಲದರ ಮೇಲೆ ಮಳೆ.

ಅದಕ್ಕೇ ವಾಚು ಆರಿಸುವಾಗ ನಾನು ಪರದೆಯ ಬಣ್ಣ, ಪಟ್ಟಿಯ ಅಂದ ನೋಡಲಿಲ್ಲ. ಹಾಡು ಹಾಕುವುದು, ಫೋನ್ ಎತ್ತುವುದು ಯಾವುದೂ ನನಗೆ ಬೇಡವಾಗಿತ್ತು. ಬೇಕಿದ್ದದ್ದು ಎರಡೇ. ಮರದಡಿಯಲ್ಲೂ ದೂರವನ್ನು ಸರಿಯಾಗಿ ಅಳೆಯಲು ಡ್ಯುಯಲ್ ಬ್ಯಾಂಡ್, ಅಂದರೆ ಉಪಗ್ರಹದ ಸಂಕೇತವನ್ನು ಎರಡು ತರಂಗಾಂತರಗಳಲ್ಲಿ ಹಿಡಿಯುವ ಜಿಪಿಎಸ್, ಏರು ಇಳಿವು ಅಳೆಯಲು ವಾಯುಭಾರದ ಸೆನ್ಸರ್. ಕೊಳ್ಳುವ ಮುಂಚೆ ನಿಮ್ಮ ಚಾಟ್‌ನಲ್ಲಿ ಈ ಎರಡನ್ನೂ ಬಿಡಿಸಿ ಕೇಳಿದ್ದೇನೆ. ಓಡುವ ಜಾಗ ದಟ್ಟ ನೆರಳಿನ ಗುಡ್ಡದ ರಸ್ತೆ ಎಂದೂ ತಿಳಿಸಿದ್ದೇನೆ. 'ಹೌದು ಸರ್, ಎರಡೂ ಇದೆ, ನಿಮ್ಮ ಜಾಗಕ್ಕೆ ಹೇಳಿ ಮಾಡಿಸಿದ ಮಾಡೆಲ್' ಎಂಬುದು ನಿಮ್ಮ ಪ್ರತಿನಿಧಿಯ ಉತ್ತರ. ಅದೇ ಚಾಟ್‌ನಲ್ಲಿ ನಾನು ಹೇಳಿದ ಇನ್ನೊಂದು ಮಾಡೆಲ್ ಆರು ಸಾವಿರ ಕಮ್ಮಿಗೆ ಸಿಗುತ್ತಿತ್ತು. ನಿಮ್ಮ ಈ ಉತ್ತರ ನಂಬಿಯೇ ಅದನ್ನು ಬಿಟ್ಟೆ.

ಪೆಟ್ಟಿಗೆಯೊಳಗಿದ್ದ ಕೈಪಿಡಿಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಉಪಗ್ರಹ ಸಂಕೇತದ ಎದುರು 'ಎಲ್1' ಎಂದಷ್ಟೇ, ಅಂದರೆ ಒಂದೇ ಬ್ಯಾಂಡಿನ ಹೆಸರು, ಇದೆ. ಇದನ್ನು ಎತ್ತಿ ಕೇಳಿದಾಗ ನಿಮ್ಮವರು ಕೊಟ್ಟ ಉತ್ತರ ಹೀಗಿದೆ: 'ನಮ್ಮ ವಾಚು ಐದು ಉಪಗ್ರಹ ವ್ಯವಸ್ಥೆಗಳನ್ನು ಬಳಸುತ್ತದೆ, ಡ್ಯುಯಲ್ ಎಂದರೆ ಎರಡು, ನಮ್ಮದು ಐದು, ಆದ್ದರಿಂದ ಇನ್ನೂ ಉತ್ತಮ.' ಮಾರುವವರಿಗೇ ಇಷ್ಟು ಗೊಂದಲವಿದ್ದರೆ ಕೊಳ್ಳುವವರ ಪಾಡೇನು? ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ, ನಮ್ಮದೇ ನಾವಿಕ್ ಇವು ಬೇರೆ ಬೇರೆಯವರು ಹಾರಿಸಿದ ಉಪಗ್ರಹಗಳ ಗುಂಪುಗಳು. ಬ್ಯಾಂಡ್ ಎಂದರೆ ಆ ಉಪಗ್ರಹಗಳು ಸಂಕೇತ ಕಳಿಸುವ ತರಂಗಾಂತರ. ಜಿಪಿಎಸ್‌ನ ಎಲ್1 ಇರುವುದು 1575.42 ಮೆಗಾಹರ್ಟ್ಸ್‌ನಲ್ಲಿ, ಎಲ್5 ಇರುವುದು 1176.45ರಲ್ಲಿ. ಐದು ಗುಂಪುಗಳ ಉಪಗ್ರಹಗಳನ್ನೂ ಒಂದೇ ಬ್ಯಾಂಡಿನಲ್ಲಿ ಕೇಳಿಸಿಕೊಂಡರೆ ಅದು ಸಿಂಗಲ್ ಬ್ಯಾಂಡ್ ವಾಚೇ.

ನಮ್ಮಂಥ ಜಾಗದಲ್ಲಿ ಈ ವ್ಯತ್ಯಾಸಕ್ಕೇ ದುಡ್ಡು ಕೊಡುವುದು. ಸುಮಾರು 20,200 ಕಿ.ಮೀ. ಮೇಲಿನಿಂದ ಬರುವ ಜಿಪಿಎಸ್ ಸಂಕೇತ ನೆಲ ಮುಟ್ಟುವಷ್ಟರಲ್ಲಿ ತೀರ ಕ್ಷೀಣವಾಗಿರುತ್ತದೆ. ಒದ್ದೆ ಎಲೆ ಅದರಲ್ಲಿ ಒಂದಷ್ಟನ್ನು ಹೀರುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಮರಕ್ಕೋ ಬರೆಗೋ ಬಡಿದು ತಡವಾಗಿ ಬಂದು ಸೇರುತ್ತದೆ. ನೇರ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಎಂದು ತಿಳಿಯದಿದ್ದರೆ ವಾಚು ನಮ್ಮನ್ನು ರಸ್ತೆ ಬಿಟ್ಟು ತೋಟದೊಳಗೆ ಓಡಿಸುತ್ತದೆ. ಎಲ್5ರ ಕೋಡ್ ಎಲ್1ರ ಹಳೆಯ ನಾಗರಿಕ ಕೋಡ್‌ಗಿಂತ ಹತ್ತು ಪಟ್ಟು ವೇಗದ್ದು, ಆದ್ದರಿಂದ ನೇರ ಬಂದದ್ದನ್ನೂ ಬಡಿದು ಬಂದದ್ದನ್ನೂ ಬೇರ್ಪಡಿಸುವುದು ಎಲ್5ರಲ್ಲಿ ಸುಲಭ. ಎಲ್5 ಇದ್ದರೂ ಕಾಡಿನಲ್ಲಿ ತಪ್ಪೇ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ತಪ್ಪು ಕಮ್ಮಿಯಾಗುತ್ತದೆ, ನನಗೆ ಬೇಕಿದ್ದದ್ದೂ ಅಷ್ಟೇ.

ನಾವಿಕ್ ವಿಷಯಕ್ಕೂ ಬರುತ್ತೇನೆ, ಏಕೆಂದರೆ ನಿಮ್ಮ ಪುಟದಲ್ಲಿ ಅದನ್ನು ತ್ರಿವರ್ಣದ ಚಿತ್ರದೊಂದಿಗೆ ಹಾಕಿದ್ದೀರಿ. ಇಸ್ರೋದ ಮೊದಲ ತಲೆಮಾರಿನ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಮಾತ್ರ ಸಂಕೇತ ಕಳಿಸುತ್ತವೆ. ಎಲ್1 ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಎಂಬ ಹೊಸ ತಲೆಮಾರಿನ ನಾವಿಕ್ ಉಪಗ್ರಹದಿಂದ. ಎಲ್1 ಮಾತ್ರ ಹಿಡಿಯುವ ವಾಚಿಗೆ ಆ ಹಳೆಯ ಉಪಗ್ರಹಗಳಿದ್ದೂ ಇಲ್ಲದಂತೆ. ಇದನ್ನು ಗ್ರಾಹಕರಿಗೆ ಹೇಳದೆ ದೇಶಾಭಿಮಾನ ತೋರಿಸುವುದು ಎಷ್ಟು ಸರಿ, ನೀವೇ ಯೋಚಿಸಿ.

ಇದರಿಂದ ಆದದ್ದೇನು ಎಂದು ಹೇಳುತ್ತೇನೆ. ನಮ್ಮ ತೋಟದ ರಸ್ತೆಯಲ್ಲಿ 1,600 ಮೀಟರನ್ನು ಉಕ್ಕಿನ ಟೇಪ್ ಹಿಡಿದು ಅಳೆದು, ಮುಗಿಯುವಲ್ಲಿ ಕರೆಂಟು ಕಂಬಕ್ಕೆ ಸುಣ್ಣ ಬಳಿದಿದ್ದೇನೆ. ವಾಚು ಕಟ್ಟಿಕೊಂಡು ಓಡಿದ ಹುಡುಗ ಕಂಬಕ್ಕಿಂತ ಹಿಂದೆ, ಮೋರಿಯ ಹತ್ತಿರವೇ ನಿಂತು ಕೈ ಎತ್ತಿದ. 'ಸಾರ್, ಐದು ಇಪ್ಪತ್ನಾಲ್ಕು!' ವಾಚು ಅಲ್ಲೇ 1.60 ಎಂದು ಕಂಪಿಸಿತ್ತು. ಮೋರಿಯಿಂದ ಕಂಬಕ್ಕೆ ಟೇಪ್ ಹಿಡಿದರೆ 70 ಮೀಟರ್. ಆ ವೇಗದಲ್ಲಿ ಇನ್ನೂ ಹದಿನೈದು ಸೆಕೆಂಡಿನ ದಾರಿ. ಭರ್ತಿ ಮೈದಾನದಲ್ಲಿ ಇದೇ 1,600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರು ಮೊದಲ ಗುಂಪು, ಅವರಿಗೆ ಪೂರ್ತಿ ಅಂಕ. ಆ ಹುಡುಗ ನಿಜವಾಗಿ ಓಡಿದ ಲೆಕ್ಕದಲ್ಲಿ ಅದರಿಂದ ಹೊರಗೆ. ಇನ್ನೊಂದು ದಿನ ಅದೇ ರಸ್ತೆಯಲ್ಲಿ ಅದೇ ವಾಚು ಕಂಬ ದಾಟಿ ಮುಂದೆ ಹೋದ ಮೇಲೆ ಕಂಪಿಸಿತು. ಒಂದೇ ಕಡೆಗೆ ತಪ್ಪಿದರೆ ಲೆಕ್ಕ ಹಾಕಿ ತಿದ್ದಿಕೊಳ್ಳಬಹುದು. ದಿನಕ್ಕೊಂದು ತೋರಿಸಿದರೆ ಏನು ಮಾಡುವುದು?

ಏರುವೆತ್ತರದ ಕಥೆ ಇನ್ನೂ ಚೆನ್ನಾಗಿದೆ. ಗೇಟಿನಿಂದ ಹೊರಟು, ಕಕ್ಕಬ್ಬೆ ಕಡೆಗೆ ಏರಿ, ಅದೇ ಗೇಟಿಗೆ ವಾಪಸು ಬಂದರೆ ಗೇಟು ಹೋಗುವಾಗ ಇದ್ದದ್ದಕ್ಕಿಂತ 60 ಮೀಟರ್ ಮೇಲಿದೆ ಎನ್ನುತ್ತದೆ ನಿಮ್ಮ ವಾಚು. ವಾಯುಭಾರದ ಸೆನ್ಸರ್ ಇದ್ದೂ ಹೀಗಾಗುತ್ತಿದೆಯೇ ಎಂದು ಎರಡು ಸಣ್ಣ ಪರೀಕ್ಷೆ ಮಾಡಿದೆ. ಅಡುಗೆಮನೆಯ ಜಿಪ್ ಕವರಿನೊಳಗೆ ವಾಚಿಟ್ಟು, ಗಾಳಿ ತುಂಬಿ, ಬಾಯಿ ಬಿಗಿಯಾಗಿ ಮುಚ್ಚಿ ಅಂಗೈಯಿಂದ ಒತ್ತಿದೆ. ಸಮುದ್ರಮಟ್ಟದ ಹತ್ತಿರ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಏರಿದರೆ ಎತ್ತರ ಎಂಟು ಮೀಟರಿನಷ್ಟು ಇಳಿದಂತೆ ಲೆಕ್ಕ, ಸೆನ್ಸರ್ ಇರುವ ಯಾವ ವಾಚಾದರೂ ಕವರ್ ಒತ್ತಿದ ಕೂಡಲೇ ಎತ್ತರ ಇಳಿಸಿ ತೋರಿಸಬೇಕು. ಇದು ಅಲುಗಲಿಲ್ಲ. ಆಮೇಲೆ ಶಾಲೆಯ ಆಟದ ಸಾಮಾನಿನ ಕೋಣೆಗೆ ಒಯ್ದೆ. ತಗಡಿನ ಮಾಡಿನ ಕೆಳಗೆ ಉಪಗ್ರಹ ಸಿಗದಾದೊಡನೆ ಎತ್ತರದ ಜಾಗದಲ್ಲಿ ಎರಡು ಅಡ್ಡಗೆರೆ. ಗಾಳಿಯ ಒತ್ತಡ ಅಳೆಯುವುದಾದರೆ ಮಾಡು ಅಡ್ಡ ಬರುವುದೇಕೆ? ಇದು ತೋರಿಸುವುದು ಉಪಗ್ರಹದ ಲೆಕ್ಕದ ಎತ್ತರ ಮಾತ್ರ, ಅದರಲ್ಲಿ ನೆಲದ ಮೇಲಿನ ಸ್ಥಾನದ ತಪ್ಪಿಗಿಂತ ಎತ್ತರದ ತಪ್ಪು ಸಾಮಾನ್ಯವಾಗಿ ಹೆಚ್ಚು. ಎರಡೂ ಪರೀಕ್ಷೆಯ ವಿಡಿಯೊ ನಿಮಗೆ ಕಳಿಸಿದ್ದೇನೆ. ಉತ್ತರವಾಗಿ 'ವಾಚನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಳಸಬಾರದು' ಎಂಬ ಸಲಹೆ ಬಂತು.

ನಿಮ್ಮವರು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ, ರೀಸೆಟ್ ಮಾಡಿದೆ, ಸೆಕೆಂಡಿಗೊಮ್ಮೆ ದಾಖಲಿಸುವ ಸೆಟ್ಟಿಂಗ್ ಹಾಕಿದೆ, ಉಪಗ್ರಹ ಸಿಕ್ಕ ಮೇಲೂ ಹತ್ತು ನಿಮಿಷ ಅಂಗಳದಲ್ಲಿ ನಿಂತು ಹೊರಟೆ. ಒಬ್ಬರು ಫೋನಿನಲ್ಲಿ 'ನಿಮ್ಮ ಏರಿಯಾದಲ್ಲಿ ಟವರ್ ಪ್ರಾಬ್ಲಮ್ ಇರಬೇಕು' ಎಂದರು. ಟವರ್ ಪ್ರಾಬ್ಲಮ್ ಇರುವುದು ನಿಜ, ಅವರ ಫೋನೇ ಎರಡು ಸಲ ಕಟ್ಟಾಯಿತು. ಆದರೆ ಓಡುವಾಗ ದೂರ ಅಳೆಯಲು ವಾಚಿಗೆ ಮೊಬೈಲ್ ಟವರ್ ಬೇಕಿಲ್ಲ. ಮತ್ತೊಬ್ಬರು 'ಮರವಿಲ್ಲದ ಬಯಲಿನಲ್ಲಿ ಓಡಿ ನೋಡಿ' ಎಂದರು. ನಮ್ಮಲ್ಲಿ ಬಯಲೆಂದರೆ ಗದ್ದೆ. ಕಕ್ಕಡ ಎಂಬ ನಮ್ಮ ಮಳೆಗಾಲದ ತಿಂಗಳಲ್ಲಿ ಅಲ್ಲಿ ಕೆಸರುಗದ್ದೆ ಓಟ ನಡೆಸಬಹುದು, ಅದಕ್ಕೆ ಹಗ್ಗ ಮತ್ತು ಸೀಟಿ ಸಾಕು, ಇಪ್ಪತ್ತೈದು ಸಾವಿರದ ವಾಚು ಬೇಡ. ಜಾಗ ಎಂಥದ್ದೆಂದು ಕೊಳ್ಳುವ ಮುಂಚೆಯೇ ಹೇಳಿದ್ದೆನಲ್ಲ? ಆಗ ಹೇಳಿ ಮಾಡಿಸಿದ್ದಾಗಿದ್ದ ಮಾಡೆಲ್‌ಗೆ ಹಣ ಕಟ್ಟಿದ ಮೇಲೆ ನಮ್ಮ ತೋಟವೇ ತಪ್ಪಾಗಿ ಕಂಡಿತು.

ಈ ಅಪ್‌ಡೇಟು, ರೀಸೆಟ್ಟುಗಳ ನಡುವೆ ನಿಮ್ಮ ಏಳು ದಿನದ ವಾಪಸಾತಿ ಅವಧಿ ಮುಗಿಯಿತು. ನನ್ನ ಮೊದಲ ದೂರು ಆ ಅವಧಿಯೊಳಗೇ ಬಂದಿದೆ, ನಿಮ್ಮ ಟಿಕೆಟ್ಟಿನಲ್ಲೇ ದಿನಾಂಕವಿದೆ. ಪರೀಕ್ಷೆ ಮಾಡಿಸುತ್ತ ದಿನ ಕಳೆದವರೇ 'ಅವಧಿ ಮೀರಿದೆ' ಎನ್ನುವುದು ನ್ಯಾಯವಲ್ಲ. ಅಲ್ಲದೆ, ನಾನು ದೂರು ಕೊಟ್ಟ ಮೇಲೆ ನಿಮ್ಮ ಪುಟದಿಂದ 'ಡ್ಯುಯಲ್ ಬ್ಯಾಂಡ್' ಎಂಬ ಸಾಲು ಸದ್ದಿಲ್ಲದೆ ಮಾಯವಾಗಿದೆ. ಹಳೆಯ ಪುಟದ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಸಾಲು ಸರಿಯಿದ್ದಿದ್ದರೆ ಅಳಿಸಿದ್ದೇಕೆ?

ಎಲ್ಲದಕ್ಕೂ ತಕರಾರು ತೆಗೆಯುವವನು ನಾನಲ್ಲ. ಮಣಿಕಟ್ಟಿನ ಹಸಿರು ಬೆಳಕಿನಿಂದ ಅಳೆಯುವ ಎದೆಬಡಿತ ಚಳಿಯಲ್ಲಿ, ಜೋರು ಓಟದಲ್ಲಿ ತಪ್ಪುವುದು ಎಲ್ಲ ವಾಚಿನಲ್ಲೂ ಇದ್ದದ್ದೇ. ಬೇಕಾದವರು ಎದೆಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಮಳೆ ಹನಿ ಬಿದ್ದಾಗ ಟಚ್ ಪರದೆ ತಾನೇ ಓಟ ನಿಲ್ಲಿಸಿದ್ದೂ ಉಂಟು, ಬಟನ್ ಇರುವ ವಾಚೇ ನಮ್ಮೂರಿಗೆ ಸರಿ, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಬ್ಯಾಟರಿ ಚೆನ್ನಾಗಿಯೇ ಇದೆ.

ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ಸರಕನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಿಮ್ಮ ಚಾಟ್‌ನ ತಾನೇ ತಾನಾಗಿ ಬರುವ 'ಧನ್ಯವಾದಗಳು' ಸಂದೇಶವನ್ನು ನಾನು ಸ್ವೀಕೃತಿ ಎಂದು ಒಪ್ಪುವುದಿಲ್ಲ, ಕುಂದುಕೊರತೆ ಅಧಿಕಾರಿಗಳ ಹೆಸರು ಮತ್ತು ಟಿಕೆಟ್ ಸಂಖ್ಯೆ ಇರುವ ಉತ್ತರ ಬೇಕು.

ನನ್ನ ಬೇಡಿಕೆ: ವಾಚನ್ನು ನಿಮ್ಮ ಖರ್ಚಿನಲ್ಲೇ ಕೊರಿಯರ್ ಮೂಲಕ ತರಿಸಿಕೊಂಡು 24,999 ರೂಪಾಯಿಯನ್ನು ಪೂರ್ತಿ ನನ್ನ ಖಾತೆಗೆ ಹಾಕಬೇಕು. ಮೈಸೂರಿನ ಸರ್ವಿಸ್ ಸೆಂಟರಿಗೆ ಕಳಿಸಿದ ಕೊರಿಯರ್ ಖರ್ಚನ್ನೂ ಕೊಡಬೇಕು, ರಸೀದಿ ಲಗತ್ತಿಸಿದ್ದೇನೆ. ಕೂಪನ್, ಪಾಯಿಂಟ್, ನಿಮ್ಮದೇ ಇನ್ನೊಂದು ಮಾಡೆಲ್ ಬೇಡ. ಹಾಗೆಯೇ ಈ ಮಾಡೆಲಿನ ಪುಟದಲ್ಲಿ 'ಎಲ್1 ಮಾತ್ರ, ವಾಯುಭಾರದ ಸೆನ್ಸರ್ ಇಲ್ಲ' ಎಂದು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯಿರಿ. ರಸ್ತೆ ಬದಿ ಬಯಲಿನಲ್ಲಿ ಓಡುವವರಿಗೆ ಇದು ಸಾಕಾಗಬಹುದು, ತಿಳಿದು ಕೊಳ್ಳಲಿ.

ತಿಂಗಳೊಳಗೆ ಇದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ (ಫೋನ್ ಸಂಖ್ಯೆ 1915) ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೂ ದೂರು ದಾಖಲಿಸುತ್ತೇನೆ. 2019ರ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನನಗದು ಬಸ್ಸಿನ ದಾರಿ, ನಿಮ್ಮ ವಕೀಲರು ಘಾಟಿ ಹತ್ತಿ ಬರಬೇಕು.

ವಾಚು, ಚಾರ್ಜರ್, ಪೆಟ್ಟಿಗೆ ಸಮೇತ ಕಟ್ಟಿಟ್ಟಿದ್ದೇನೆ. ಕೊರಿಯರಿನವರು ಬರುವ ಹಿಂದಿನ ದಿನ ಫೋನ್ ಮಾಡಲಿ. ಸಂಜೆ ನಾಲ್ಕರ ಮೇಲೆ ಶಾಲೆಯ ಮೈದಾನದಲ್ಲೇ ಇರುತ್ತೇನೆ, ಅಲ್ಲಿಗೇ ಬಂದು ತೆಗೆದುಕೊಂಡು ಹೋಗಬಹುದು.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ದೈಹಿಕ ಶಿಕ್ಷಣ ಶಿಕ್ಷಕ, ನಾಪೋಕ್ಲು

ಲಗತ್ತು: ಬಿಲ್ಲು, ಕೊರಿಯರ್ ರಸೀದಿ, ಚಾಟ್‌ನ ಪ್ರತಿ, ಹಳೆಯ ಪುಟದ ಸ್ಕ್ರೀನ್‌ಶಾಟ್, ಕೈಪಿಡಿಯ ಕೊನೆಯ ಪುಟ, ಸರ್ವಿಸ್ ಸೆಂಟರಿನ ಚೀಟಿ.