ಆ ರೈಟ್ ಕ್ಲಿಕ್ ತೋರಿಸಿಕೊಟ್ಟವರಿಗೆ

ನಿನ್ನೆ ಸಂಜೆ ನಮ್ಮ ತಂತ್ರಾಂಶದ ಹೊಸ ಆವೃತ್ತಿ ಹೊರಬಂತು. ಬದಲಾವಣೆಗಳ ಪಟ್ಟಿಯಲ್ಲಿ ‘ಪೇಸ್ಟ್ ಮಾಡಿದ ಸಂಖ್ಯೆಯನ್ನೂ ಈಗ ಪರಿಶೀಲಿಸಲಾಗುತ್ತದೆ’ ಎಂಬ ಒಂದು ಸಾಲಿದೆ. ಆ ಸಾಲು ನನ್ನ ನಾಲ್ಕು ತಿಂಗಳನ್ನು ತೆಗೆದುಕೊಂಡಿತು. ಜೊತೆಗೆ ನಿಂತವರನ್ನು ನೆನೆಯದೆ ಮುಂದಿನ ಕೆಲಸಕ್ಕೆ ಕೈಹಾಕಲು ಮನಸ್ಸಾಗುತ್ತಿಲ್ಲ.

ಮೊದಲ ಋಣ ಒಬ್ಬ ಬಳಕೆದಾರರದು. ದಿನವಿಡೀ ನೋಂದಣಿ ಸಂಖ್ಯೆಗಳನ್ನು ತುಂಬುವವರು ಅವರು. ಮಣಿಕಟ್ಟಿನ ನೋವಿನಿಂದಾಗಿ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾರರು. ಎಲ್ಲವನ್ನೂ ಮೌಸ್‌ನಲ್ಲೇ ಮಾಡುತ್ತಾರೆ. ಅಂಕಿ ಮಾತ್ರ ಇರಬೇಕಾದ ಜಾಗದಲ್ಲಿ ಅಕ್ಷರಗಳೂ ಸೇರುತ್ತಿವೆ ಎಂದು ಅವರು ಎರಡು ಬಾರಿ ಬರೆದರು. ನನ್ನ ಗಣಕದಲ್ಲಿ ಹಾಗೆ ಆಗುತ್ತಿರಲಿಲ್ಲ, ಹಾಗಾಗಿ ನಾನು ನಂಬಲಿಲ್ಲ. ಮೂರನೆಯ ಸಲ ಪರದೆಯನ್ನೇ ಚಿತ್ರೀಕರಿಸಿ ಕಳುಹಿಸಿದರು. ರೈಟ್ ಕ್ಲಿಕ್, ನಂತರ ಪೇಸ್ಟ್. ನನ್ನ ಕೋಡ್ ಕಾಯುತ್ತಿದ್ದುದು ಕೀಲಿಗಳನ್ನು ಮಾತ್ರ. ಮೆನುವಿನ ಹಾದಿಯಲ್ಲಿ ಬಂದ ಪಠ್ಯ ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಎರಡು ಸಲ ಅಲ್ಲಗಳೆದರೂ ಕೈಬಿಡದೆ ಮತ್ತೆ ಬರೆದ ಅವರ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಆಮೇಲೆ ಹಿಡಿದ ದಾರಿಗಳೂ ಕೈಕೊಟ್ಟವು. ಪಠ್ಯ ಒಮ್ಮೆಲೇ ಉದ್ದವಾದರೆ ಪೇಸ್ಟ್ ಆಗಿದೆ ಎಂದು ಊಹಿಸಿ ನೋಡಿದೆ. ಹತ್ತು ಅಕ್ಷರಗಳನ್ನು ಆಯ್ದು ಅವುಗಳ ಮೇಲೆ ಇನ್ನೊಂದು ಹತ್ತನ್ನು ಪೇಸ್ಟ್ ಮಾಡಿದಾಗ ಉದ್ದ ಬದಲಾಗಲೇ ಇಲ್ಲ. ಕಾಪಿ ಮಾಡಿದ್ದು ತಾತ್ಕಾಲಿಕವಾಗಿ ಕೂರುವ ಜಾಗವಾದ ಕ್ಲಿಪ್‌ಬೋರ್ಡನ್ನೇ ಕಾಯುವ ಸೌಲಭ್ಯ ವಿಂಡೋಸ್‌ನಲ್ಲಿದೆ, ಆದರೆ ಅದು ತಿಳಿಸುವುದು ಕ್ಲಿಪ್‌ಬೋರ್ಡಿನಲ್ಲಿರುವುದು ಬದಲಾದಾಗ. ಪೇಸ್ಟ್ ಮಾಡಿದರೆ ಅಲ್ಲಿ ಏನೂ ಬದಲಾಗುವುದಿಲ್ಲ. ಅಲ್ಲದೆ ಬೇರೆ ಕಿಟಕಿಯಲ್ಲಿ ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ನಮ್ಮ ಕೈಗೆ ಸಿಗುತ್ತದೆ. ‘ನಮಗೆ ಸಂಬಂಧಿಸದ್ದನ್ನು ನಾವು ನೋಡಬಾರದು’ ಎಂದು ನಮ್ಮ ತಂಡದ ಹಿರಿಯರು ಖಡಾಖಂಡಿತವಾಗಿ ಹೇಳಿದರು. ಅಂದು ಅವರು ತಡೆದದ್ದು ಒಳ್ಳೆಯದಾಯಿತು.

ದಾರಿ ತೋರಿಸಿದವರೂ ಅವರೇ. ‘ಕೈ ಏನು ಮಾಡಿತು ಎಂಬುದನ್ನು ಬಿಡಿ, ಪಠ್ಯಪೆಟ್ಟಿಗೆಗೆ ಯಾವ ಸಂದೇಶ ಬಂತು ನೋಡಿ’ ಎಂದರು. ಸಂದೇಶವೆಂದರೆ ಏನು ಮಾಡಬೇಕೆಂದು ಪೆಟ್ಟಿಗೆಗೆ ಒಳಗೊಳಗೇ ತಲುಪುವ ಸೂಚನೆ. ವಿಂಡೋಸ್‌ನಲ್ಲಿ ಕಟ್‌ಗೆ 768, ಕಾಪಿಗೆ 769, ಪೇಸ್ಟ್‌ಗೆ 770 ಎಂಬ ಸಂದೇಶ ಸಂಖ್ಯೆಗಳಿವೆ. ಸಾಮಾನ್ಯ ಪಠ್ಯಪೆಟ್ಟಿಗೆಯಲ್ಲಿ ಕಂಟ್ರೋಲ್-ವಿ ಒತ್ತಿದರೂ, ಶಿಫ್ಟ್-ಇನ್ಸರ್ಟ್ ಒತ್ತಿದರೂ, ಮೆನುವಿನಲ್ಲಿ ಆಯ್ದರೂ ಬಂದು ಸೇರುವುದು ಅದೇ 770. ಅದನ್ನು ಬಾಗಿಲಲ್ಲೇ ತಡೆದು, ಪಠ್ಯವನ್ನು ನೋಡಿ, ಸರಿಯಿದ್ದರೆ ಒಳಗೆ ಬಿಡುವುದಕ್ಕೆ ಬೇಕಾದದ್ದು ಕೆಲವೇ ಸಾಲುಗಳ ಕೋಡ್.

ತಪ್ಪು ಅಕ್ಷರಗಳನ್ನು ಸದ್ದಿಲ್ಲದೆ ತೆಗೆದುಹಾಕೋಣ ಎಂದಿದ್ದೆ. ನಮ್ಮ ಪರೀಕ್ಷಕಿ ಒಪ್ಪಲಿಲ್ಲ. ಹಾಗೆ ಮಾಡಿದರೆ ತಪ್ಪು ಸಂಖ್ಯೆಯೊಂದು ಸರಿಯಾದದ್ದರಂತೆ ಕಾಣುತ್ತಾ ಕಡತ ಸೇರುತ್ತದೆ ಎಂದರು. ಈಗ ಹಿಂದುಮುಂದಿನ ಖಾಲಿ ಜಾಗವನ್ನಷ್ಟೇ ತೆಗೆಯುತ್ತೇವೆ. ಉಳಿದದ್ದಕ್ಕೆ ಕಾರಣ ಹೇಳಿ ತಡೆಯುತ್ತೇವೆ. ಟಿಪ್ಪಣಿ ಬರೆಯುವ, ದಪ್ಪ-ಓರೆ ಅಕ್ಷರಗಳಿಗೂ ಅವಕಾಶವಿರುವ ರಿಚ್ ಟೆಕ್ಸ್ಟ್ ಪೆಟ್ಟಿಗೆಯಲ್ಲಿ ಕಂಟ್ರೋಲ್-ವಿ ಒತ್ತಿದರೆ ಆ 770ರ ಸಂದೇಶ ಬರುವುದೇ ಇಲ್ಲ ಎಂಬುದನ್ನು ಪತ್ತೆ ಹಚ್ಚಿದವರೂ ಅವರೇ. ಅಲ್ಲಿ ಬೇರೆ ಏರ್ಪಾಟು ಮಾಡಬೇಕಾಯಿತು.

ಲ್ಯಾರಿ ಟೆಸ್ಲರ್ ಅವರನ್ನೂ ಈ ದಿನಗಳಲ್ಲಿ ಬಹಳ ನೆನೆದೆ. 1970ರ ದಶಕದಲ್ಲಿ ಜೆರಾಕ್ಸ್ ಸಂಸ್ಥೆಯ ಪಾರ್ಕ್ (PARC) ಎಂಬ ಪ್ರಯೋಗಾಲಯದಲ್ಲಿ ಟಿಮ್ ಮಾಟ್ ಜೊತೆ ಸೇರಿ ಕಟ್, ಕಾಪಿ, ಪೇಸ್ಟ್‌ಗೆ ರೂಪ ಕೊಟ್ಟವರು, 2020ರಲ್ಲಿ ತೀರಿಕೊಂಡರು. ಕಂಪ್ಯೂಟರ್ ಗೊತ್ತಿಲ್ಲದವರಿಗೂ ಸುಲಭವಾಗಿರಬೇಕೆಂದು ದುಡಿದ ಅವರಿಗೂ ನನ್ನ ನಮಸ್ಕಾರ.

ಪರೀಕ್ಷಾ ಆವೃತ್ತಿಯನ್ನು ಮೊದಲು ಕಳುಹಿಸಿದ್ದು ಆ ಬಳಕೆದಾರರಿಗೇ. ಈಗ ಸರಿಯಾಗಿ ತಡೆಯುತ್ತಿದೆ ಎಂದು ಬರೆದು, ಇನ್ನೊಂದು ಮಾತು ಸೇರಿಸಿದ್ದರು: ಎಚ್ಚರಿಕೆಯ ಸಂದೇಶ ಪರದೆಯ ನಡುವೆ ಬರುತ್ತದೆ, ಅದನ್ನು ಮುಚ್ಚಲು ಮೌಸ್ ಅಷ್ಟು ದೂರ ಸರಿಸಬೇಕು, ಕೈ ನೋಯುತ್ತದೆ. ಸಂದೇಶ ಈಗ ಪಠ್ಯಪೆಟ್ಟಿಗೆಯ ಕೆಳಗೇ ಮೂಡುತ್ತದೆ, ತಾನಾಗಿಯೇ ಮರೆಯಾಗುತ್ತದೆ.